ಸುರಪುರದ ದೊರೆಯನ್ನು ವಿಚಾರಿಸಿದವರು

1858ನೆಯ ಇಸವಿಯ ಬೇಸಗೆಯಲ್ಲಿ ಸಿಕಂದರಾಬಾದಿನ ದಂಡಿನ ಕಾವಲುಮನೆಯಲ್ಲಿ ಒಬ್ಬ ತರುಣನು ಸೆರೆಯಲ್ಲಿದ್ದನು. ಅವನಿಗೆ ಇಪ್ಪತ್ತನಾಲ್ಕು ವರ್ಷಗಳು ಇನ್ನೂ ತುಂಬಿರಲಿಲ್ಲ. ಕೆಲವು ತಿಂಗಳ ಹಿಂದೆ ಅವನು ಸುರಪುರ ಸಂಸ್ಥಾನದ ಒಡೆಯನಾಗಿದ್ದನು. ಬೇಡ ಪಡೆಗಳು ಅವನ ಕಣ್ಸನ್ನೆಗೆ ಕಾದು ನಿಲ್ಲುತ್ತಿದ್ದವು. ಅವನೇ ರಾಜಾ ವೆಂಕಟಪ್ಪ ನಾಯಕ. ಕುಂಪಣಿ ಸರಕಾರದ ವಿರುದ್ಧ ದಂಗೆಯೆದ್ದನೆಂಬುದು ಅವನ ಮೇಲಿನ ಆಪಾದನೆ. ಅದನ್ನು ವಿಚಾರಿಸಲು ಕುಳಿತದ್ದು ಸೈನ್ಯದ ನ್ಯಾಯಮಂಡಲಿ. ಯಾರ ಮೇಲೆ ಅವನ ಜನ ಕತ್ತಿಯೆತ್ತಿದ್ದರೋ ಆ ಸೈನ್ಯದ ಕೈಗೇ ಅವನ ಪ್ರಾಣದ ತಕ್ಕಡಿಯೂ ಬಂದಿದ್ದಿತು.

ಸಾಮಾನ್ಯ ಕೊಲೆಯ ಮೊಕದ್ದಮೆಯಲ್ಲಿ, ನಡೆದದ್ದೇನು ಎಂಬುದೇ ದೊಡ್ಡ ಪ್ರಶ್ನೆ. ರಾಜಕಾರಣದಲ್ಲಿ ತೊಡಗಿದವನು ಕಟಕಟೆಯಲ್ಲಿ ನಿಂತಾಗ ಹಾಗಲ್ಲ. ಅವನು ಮಾಡಿದ್ದು, ಆಡಿದ್ದು, ಬರೆದದ್ದು ಊರಿಗೆಲ್ಲ ಗೊತ್ತಿರುತ್ತದೆ. ಅದನ್ನು ಅಪರಾಧವೆಂದು ಕರೆಯಬೇಕೇ ಬೇಡವೇ ಎಂಬುದಷ್ಟೇ ಉಳಿದಿರುತ್ತದೆ. ಅದಾದರೂ ತೀರ್ಪು ಹೇಳುವ ಪೀಠದಲ್ಲಿ ಯಾರು ಕುಳಿತಿದ್ದಾರೆಂಬುದರ ಮೇಲೆ ನಿಂತಿರುತ್ತದೆ. ಇಂತಹ ವಿಚಾರಣೆಗಳಲ್ಲಿ ವಕೀಲರ ಜಾಣತನವೆಲ್ಲ ಸಾಕ್ಷಿಗಳ ಪಾಟೀಸವಾಲಿಗಿಂತ ಮೊದಲೇ, ಪೀಠವನ್ನು ಕಟ್ಟುವ ಹೊತ್ತಿನಲ್ಲಿಯೇ, ವ್ಯಯವಾಗುವುದುಂಟು.

ಸುರಪುರದ ಕಥೆ ತಿಳಿಯಬೇಕಾದರೆ ಆ ಸೀಮೆಯನ್ನು ಒಮ್ಮೆ ನೋಡಬೇಕು. ಯಾದಗಿರಿಯ ಕೋಟೆಯ ಮಗ್ಗುಲಲ್ಲಿ ಭೀಮಾನದಿ ಹರಿಯುತ್ತದೆ. ಅದನ್ನು ದಾಟಿ ನೈರುತ್ಯಕ್ಕೆ ಹೊರಟರೆ ಶಹಾಪುರ, ಮಲಗಿರುವ ಬುದ್ಧನಂತೆ ತೋರುವ ಅಲ್ಲಿನ ಬೆಟ್ಟವನ್ನು ಹಿಂದೆ ಬಿಟ್ಟು ಮುಂದೆ ನಡೆದರೆ ಬಂಡೆಗಳ ನಡುವೆ ಅಡಗಿದ ಸುರಪುರ, ಅದರಾಚೆಗೆ ಕೃಷ್ಣೆ. ಎರಡು ನದಿಗಳ ನಡುವಣ ಈ ಕಲ್ಲುನೆಲದಲ್ಲಿ ಬೇಡ ನಾಯಕರು ತಲೆಯೆತ್ತಿದ್ದು ವಿಜಯನಗರದ ಪತನದ ತರುವಾಯ. ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ 1705ರಲ್ಲಿ ಸುರಪುರದ ಸಮೀಪದ ವಾಗಿನಗೇರಿಯ ಮೇಲೆಯೇ. ಕೋಟೆ ಬಿದ್ದಿತು, ಆದರೆ ಒಳಗಿದ್ದ ಪಿಡ್ಡನಾಯಕನು ಸಿಕ್ಕಲಿಲ್ಲ. ಇಂತಹ ಮನೆತನವು ಕಾಲಕ್ರಮದಲ್ಲಿ ಹೈದರಾಬಾದಿನ ನಿಜಾಮನಿಗೆ ಪೇಷ್ಕಷ್ ಸಲ್ಲಿಸುವ ಸಂಸ್ಥಾನವಾಯಿತು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು: ಕಾನೂನಿನ ದೃಷ್ಟಿಯಲ್ಲಿ ಸುರಪುರದ ದೊರೆ ನಿಜಾಮನ ಸಾಮಂತನೇ ಹೊರತು ಕುಂಪಣಿಯ ಪ್ರಜೆಯಲ್ಲ.

ಪೇಷ್ಕಷಿನ ಬಾಕಿ ಬೆಳೆದು, ಉತ್ತರಾಧಿಕಾರದ ಗೊಂದಲವೂ ಅದಕ್ಕೆ ಸೇರಿದಾಗ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನು ನಡುವೆ ಕೈಹಾಕಿದನು. 1841ರಲ್ಲಿ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರನು ಸುರಪುರಕ್ಕೆ ಬಂದನು. ಥಗ್ಗರ ಕಥೆಯನ್ನು ಕಾದಂಬರಿಯಾಗಿ ಬರೆದು ಎರಡು ವರ್ಷ ಹಿಂದೆಯೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದವನು ಈತನೇ. ವೆಂಕಟಪ್ಪನು ಆಗ ಏಳೆಂಟು ವರ್ಷದ ಬಾಲಕ. ತಂದೆ ಕೃಷ್ಣಪ್ಪ ನಾಯಕನು ಕಾಲವಾದ ಮೇಲೆ ತಾಯಿ ರಾಣಿ ಈಶ್ವರಮ್ಮನಿಗೂ ಟೇಲರನಿಗೂ ತಿಕ್ಕಾಟ ನಿಲ್ಲಲಿಲ್ಲ. ಬಾಲಕನಿಗೆ ಮಾತ್ರ ಟೇಲರನು ಅಚ್ಚುಮೆಚ್ಚಾದನು. ಅವನನ್ನು ಬಾಲಕನು ಕರೆಯುತ್ತಿದ್ದುದು ‘ಅಪ್ಪಾ’ ಎಂದೇ. ಹನ್ನೆರಡು ವರ್ಷ ಸಂಸ್ಥಾನದ ಲೆಕ್ಕಪತ್ರ, ಕೆರೆಕಟ್ಟೆಗಳನ್ನು ನೋಡಿಕೊಂಡು, 1853ರಲ್ಲಿ ತರುಣ ದೊರೆಗೆ ಆಡಳಿತವನ್ನೊಪ್ಪಿಸಿ ಟೇಲರನು ಹೊರಟುಹೋದನು. ಅವನು ಕಟ್ಟಿಸಿಕೊಂಡ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಲ್ಲಿ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ.

1857ರ ದಂಗೆಯ ಕಿಡಿ ಕರ್ನಾಟಕವನ್ನೂ ಮುಟ್ಟಿತು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಹಲಗಲಿಯ ಬೇಡರು ತಿರುಗಿಬಿದ್ದರು. ಸುರಪುರದಲ್ಲಿ ಅರಬರೂ ರೋಹಿಲರೂ ಸೇರತೊಡಗಿದರೆಂಬ ಸುದ್ದಿ ರೆಸಿಡೆಂಟನ ಕಿವಿಗೆ ಬಿದ್ದಿತು. 1858ರ ಆರಂಭದಲ್ಲಿ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ಲನನ್ನು ಬುದ್ಧಿವಾದಕ್ಕಾಗಿ ಕಳುಹಿಸಲಾಯಿತು; ಅದು ಫಲಿಸಲಿಲ್ಲ. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ದಂಡು ಬಂದು ಊರ ಹೊರಗೆ ಬೀಡುಬಿಟ್ಟಿತು. ಫೆಬ್ರವರಿ 7ರ ರಾತ್ರಿ ಬೇಡರೂ ರೋಹಿಲರೂ ಆ ಬೀಡಿನ ಮೇಲೆ ಎರಗಿದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಲೆಫ್ಟಿನೆಂಟ್ ಸ್ಟೂವರ್ಟನು ಮಾರಣಾಂತಿಕವಾಗಿ ಗಾಯಗೊಂಡನು. ಅಷ್ಟರಲ್ಲಿ ಕರ್ನಲ್ ಮಾಲ್ಕಮನ ಪಡೆ ಸಮೀಪಿಸಿತೆಂದು ತಿಳಿದು ದೊರೆಯು ಕೆಲವೇ ಕುದುರೆಸವಾರರೊಡನೆ ಹೈದರಾಬಾದಿಗೆ ಓಡಿಹೋದನು. ಅಲ್ಲಿನ ಬಜಾರಿನಲ್ಲಿ ಅಲೆಯುತ್ತಿದ್ದವನು ಸಿಕ್ಕಿಬಿದ್ದನು. ನಿಜಾಮನ ಮಂತ್ರಿ ಸಾಲಾರ್ ಜಂಗನು ಅವನನ್ನು ರೆಸಿಡೆಂಟ್ ಕರ್ನಲ್ ಡೇವಿಡ್‌ಸನ್ನನ ವಶಕ್ಕೆ ಕೊಟ್ಟನು.

ವಿಚಾರಣೆಯ ಕಥೆ ಇಲ್ಲಿಂದ ಮೊದಲಾಗುತ್ತದೆ. ಒಬ್ಬ ಒಳ್ಳೆಯ ವಕೀಲನು ಈ ದೊರೆಯ ಪಕ್ಕದಲ್ಲಿ ನಿಂತಿದ್ದರೆ ಅವನ ಮೊದಲ ತಕರಾರು ಯಾವುದಾಗುತ್ತಿದ್ದಿತು? ಕಾಳಗ ನಡೆದೇ ಇಲ್ಲವೆಂದು ವಾದಿಸುವುದು ಮೂರ್ಖತನ. ಆಪಾದಿತನು ಕುಂಪಣಿಯ ಪ್ರಜೆಯೇ ಅಲ್ಲವಾದ್ದರಿಂದ ಅವನ ಮೇಲೆ ರಾಜದ್ರೋಹ ಹೇಗೆ ನಿಂತೀತು? ಅವನ ಒಡೆಯ ನಿಜಾಮ; ವಿಚಾರಿಸುವ ಅಧಿಕಾರವಿದ್ದರೆ ನಿಜಾಮನಿಗಿರಬೇಕು. ಕುಂಪಣಿಯೊಡನೆ ಅವನು ಕಾದಾಡಿದ್ದಾದರೆ ಅದು ಯುದ್ಧ. ಸೋತವನು ಯುದ್ಧದ ಸೆರೆಯಾಳು. ಇಂತಹ ವಾದವು ಬರಿಯ ಕಲ್ಪನೆಯೇನೂ ಅಲ್ಲ. ಅದೇ ವರ್ಷದ ಜನವರಿ 27ರಿಂದ ಮಾರ್ಚಿ 9ರವರೆಗೆ ದೆಹಲಿಯ ಕೆಂಪು ಕೋಟೆಯಲ್ಲಿ ಮುದುಕ ಬಾದಶಹ ಬಹಾದುರ್ ಶಹನನ್ನು ಐವರು ಸೈನ್ಯಾಧಿಕಾರಿಗಳ ಮಂಡಲಿ ವಿಚಾರಿಸಿ ಅಪರಾಧಿಯೆಂದಿತು. ಬಾದಶಹನು ಕುಂಪಣಿಗೆ ದ್ರೋಹ ಮಾಡಿದನೋ, ಅವನ ಹೆಸರಿನಲ್ಲಿಯೇ ದಿವಾನಿಯನ್ನು ಪಡೆದಿದ್ದ ಕುಂಪಣಿಯೇ ಬಾದಶಹನಿಗೆ ದ್ರೋಹ ಮಾಡಿದ್ದೋ ಎಂಬ ಪ್ರಶ್ನೆಯನ್ನು ಬಕ್ಲರ್ ಎಂಬ ಆಂಗ್ಲ ಇತಿಹಾಸಕಾರನೇ 1922ರಲ್ಲಿ ಎತ್ತಿದನು. ಅರವತ್ತು ವರ್ಷ ಕಳೆದ ಮೇಲೆ ಬಂದ ಸಮರ್ಥನೆ ಕಕ್ಷಿಗಾರನಿಗೆ ಉಪಯೋಗವಾಗುವುದಿಲ್ಲ. ಬಾದಶಹನು ರಂಗೂನಿಗೆ ಹೋದನು. ನರಗುಂದದ ಬಾಬಾಸಾಹೇಬನ ಗತಿಯಂತೂ ಇನ್ನೂ ಚುರುಕಾಗಿ ತೀರಿಹೋಯಿತು: ಮೇ ತಿಂಗಳ ಕಡೆಯಲ್ಲಿ ಮ್ಯಾನ್ಸನ್ನನ ತಲೆ ಬಿದ್ದಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿಯಾಗಿದ್ದಿತು.

ಆ ಕಾಲಕ್ಕೆ ಭಾರತದಲ್ಲಿ ಜ್ಯೂರಿ ಎಂಬುದೇ ಇರಲಿಲ್ಲವೆಂದಲ್ಲ. ಕಲ್ಕತ್ತೆ, ಮದರಾಸು, ಮುಂಬಯಿಗಳ ಸುಪ್ರೀಂ ಕೋರ್ಟುಗಳಲ್ಲಿ ಅದು ಬಹುಕಾಲದಿಂದ ನಡೆದುಬಂದಿದ್ದಿತು. ಊರಿನ ಮಾನ್ಯರ ಪಟ್ಟಿಯಿಂದ ಕೆಲವರನ್ನು ಆರಿಸಿ ಕೂರಿಸುವುದು. ಅವರು ಸಾಕ್ಷ್ಯವನ್ನು ಕೇಳಿ ‘ಅಪರಾಧಿ’ ಅಥವಾ ‘ನಿರಪರಾಧಿ’ ಎಂದು ಹೇಳುವುದು. ಶಿಕ್ಷೆಯ ಅಳತೆಯನ್ನು ಮಾತ್ರ ನ್ಯಾಯಾಧೀಶರು ನಿರ್ಧರಿಸುವುದು. ತನ್ನ ಸರಿಸಮಾನರಿಂದಲೇ ವಿಚಾರಣೆಗೊಳಗಾಗುವುದು ಆಂಗ್ಲರು ತಮ್ಮ ನಾಡಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಹಕ್ಕು. ಹಾಗಾದರೆ ಒಬ್ಬ ಸಂಸ್ಥಾನಾಧಿಪತಿಗೆ ಸರಿಸಮಾನರು ಯಾರು?

ಈ ಪ್ರಶ್ನೆಗೆ ಸರಕಾರವು ಉತ್ತರ ಹುಡುಕಲೇಬೇಕಾದ ಸಂದರ್ಭ ಸುರಪುರದ ವಿಚಾರಣೆಗೆ ಹದಿನೇಳು ವರ್ಷಗಳ ಅನಂತರ ಬಡೋದೆಯಲ್ಲಿ ಒದಗಿತು. ಮಹಾರಾಜ ಮಲ್ಹಾರರಾವ್ ಗಾಯಕವಾಡನು ರೆಸಿಡೆಂಟ್ ಕರ್ನಲ್ ಫೇರನಿಗೆ ಪಾನಕದಲ್ಲಿ ವಿಷ ಹಾಕಿಸಿದನೆಂಬ ಆಪಾದನೆ ಹೊರಟಿತು. ಸರಕಾರವು 1875ರಲ್ಲಿ ಆರು ಮಂದಿಯ ಆಯೋಗವನ್ನು ಕೂರಿಸಿತು. ಮೂವರು ಆಂಗ್ಲರು: ಕಲ್ಕತ್ತೆಯ ಮುಖ್ಯ ನ್ಯಾಯಾಧೀಶ ಸರ್ ರಿಚರ್ಡ್ ಕೌಚ್, ಮೈಸೂರಿನ ಚೀಫ್ ಕಮಿಷನರನಾಗಿ ಕನ್ನಡಿಗರಿಗೆ ಪರಿಚಿತನಾಗಿದ್ದ ಸರ್ ರಿಚರ್ಡ್ ಮೀಡ್, ಮತ್ತು ಮೆಲ್ವಿಲ್. ಮೂವರು ಭಾರತೀಯರು: ಗ್ವಾಲಿಯರಿನ ಸಿಂಧಿಯಾ ಮಹಾರಾಜ, ಜಯಪುರದ ಮಹಾರಾಜ, ಹಾಗೂ ಸರ್ ದಿನಕರರಾವ್. ಗಾಯಕವಾಡನು ಲಂಡನ್ನಿನಿಂದ ಸಾರ್ಜೆಂಟ್ ಬ್ಯಾಲಂಟೈನ್ ಎಂಬ ಹೆಸರಾಂತ ಬ್ಯಾರಿಸ್ಟರನನ್ನು ಕರೆಸಿದನು. ಬ್ಯಾಲಂಟೈನನು ಪೋಲೀಸು ಸಾಕ್ಷ್ಯವನ್ನು ಹಿಂಜಿ ಹತ್ತಿಯಾಗಿಸಿದನು. ಕಡೆಗೆ ಆಯೋಗವು ಸರಿಯಾಗಿ ಎರಡು ಹೋಳಾಯಿತು. ಆಂಗ್ಲರು ಮೂವರೂ ಅಪರಾಧ ಸಿದ್ಧವಾಯಿತೆಂದರು. ಭಾರತೀಯರು ಮೂವರೂ ಸಿದ್ಧವಾಗಲಿಲ್ಲವೆಂದರು. ಕೇಳಿದ ಸಾಕ್ಷ್ಯ ಒಂದೇ, ಕುಳಿತ ಕೊಠಡಿ ಒಂದೇ. ಸರಕಾರವು ಆಗ ಬೇರೊಂದು ದಾರಿ ಹಿಡಿದು, ದುರಾಡಳಿತದ ಕಾರಣ ಹೇಳಿ ಮಹಾರಾಜನನ್ನು ಪಟ್ಟದಿಂದಿಳಿಸಿ ಮದರಾಸಿಗೆ ಕಳುಹಿಸಿತು. ಹೀಗಿದ್ದರೂ ಆ ಮೂರು ಭಿನ್ನಮತಗಳು ಕಾಗದದ ಮೇಲೆ ಉಳಿದವು. ಸುರಪುರದ ದೊರೆಗೆ ಅಷ್ಟೂ ದೊರೆಯಲಿಲ್ಲ.

ಜ್ಯೂರಿಯನ್ನು ಆರಿಸುವ ಕಲೆ ತನ್ನ ಪೂರ್ಣರೂಪದಲ್ಲಿ ಪ್ರಕಟವಾದದ್ದು ಲೋಕಮಾನ್ಯ ತಿಲಕರ ಮೊಕದ್ದಮೆಗಳಲ್ಲಿ. ಅದರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೈಕೋರ್ಟಿನ ಜ್ಯೂರಿಯಲ್ಲಿ ಒಂಬತ್ತು ಮಂದಿ. ಒಮ್ಮತ ಬೇಕೆಂದಿಲ್ಲ, ಆರು ಮಂದಿ ಒಂದು ಕಡೆಗಾಗಿ, ನ್ಯಾಯಾಧೀಶರೂ ಅದಕ್ಕೆ ಒಪ್ಪಿದರೆ ಸಾಕು. ಕಾರಣವನ್ನೇ ಕೊಡದೆ ಎಂಟು ಮಂದಿಯನ್ನು ‘ಈತ ಬೇಡ’ ಎಂದು ಎಬ್ಬಿಸಿ ಕಳುಹಿಸುವ ಹಕ್ಕು ಸರಕಾರಕ್ಕೂ ಇದ್ದಿತು, ಆಪಾದಿತನಿಗೂ ಇದ್ದಿತು. ಇದರ ಮೇಲೆ ಸ್ಪೆಷಲ್ ಜ್ಯೂರಿ ಎಂಬುದೊಂದುಂಟು. ಸಾಮಾನ್ಯ ಪಟ್ಟಿಯನ್ನು ಬಿಟ್ಟು ಸ್ಥಿತಿವಂತರ, ದೊಡ್ಡ ವ್ಯಾಪಾರಸ್ಥರ ಬೇರೊಂದು ಪಟ್ಟಿಯಿಂದ ಆರಿಸುವುದು. ಮುಂಬಯಿಯಲ್ಲಿ ಆ ಪಟ್ಟಿಯ ತುಂಬ ಯುರೋಪಿಯನರು. ಆ ಪಟ್ಟಿ ಯಾವುದೆಂದು ಗೊತ್ತಾದೊಡನೆ ತೀರ್ಪಿನ ಅರ್ಧಭಾಗ ಗೊತ್ತಾದಂತೆಯೇ.

1897ರ ರಾಜದ್ರೋಹದ ಮೊಕದ್ದಮೆಯಲ್ಲಿ ತಿಲಕರೆದುರು ಕುಳಿತ ಒಂಬತ್ತು ಮಂದಿಯಲ್ಲಿ ಆರು ಮಂದಿ ಯುರೋಪಿಯನರು, ಮೂವರು ಭಾರತೀಯರು. ತೀರ್ಪು ಆರಕ್ಕೆ ಮೂರು. ಕಾನೂನಿಗೆ ಬೇಕಾಗಿದ್ದುದು ಆರೇ, ಸಿಕ್ಕಿದ್ದೂ ಆರೇ. ಒಬ್ಬನು ಆಚೆಗೆ ಸರಿದಿದ್ದರೂ ಹದಿನೆಂಟು ತಿಂಗಳ ಸೆರೆಮನೆ ತಪ್ಪುತ್ತಿದ್ದಿತೇನೋ.

1908ರಲ್ಲಿ ಮುಜಫ್ಫರಪುರದ ಬಾಂಬಿನ ವಿಷಯವಾಗಿ ‘ಕೇಸರಿ’ಯಲ್ಲಿ ಬಂದ ಲೇಖನಗಳಿಗಾಗಿ ತಿಲಕರು ಮತ್ತೆ ಸೆರೆಯಾದರು. ಈ ಸಾರಿ ನ್ಯಾಯಪೀಠದಲ್ಲಿ ಜಸ್ಟಿಸ್ ದಿನ್‌ಶಾ ದಾವರ್. ಹನ್ನೊಂದು ವರ್ಷ ಹಿಂದೆ ಇದೇ ತಿಲಕರಿಗೆ ಜಾಮೀನು ಕೊಡಿಸಿದ್ದ ವಕೀಲರು ಇದೇ ದಾವರ್! ಈಗ ಜಾಮೀನಿಗಾಗಿ ಮಹಮ್ಮದಾಲಿ ಜಿನ್ನಾ ಅವರ ಮುಂದೆ ನಿಂತು ವಾದಿಸಿದರು; ಜಾಮೀನು ದೊರೆಯಲಿಲ್ಲ. ಸರಕಾರವು ಸ್ಪೆಷಲ್ ಜ್ಯೂರಿಯನ್ನು ಕೇಳಿದಾಗ ತಿಲಕರ ಪರವಾಗಿ ಜೋಸೆಫ್ ಬ್ಯಾಪ್ಟಿಸ್ಟರು ವಿರೋಧಿಸಿದರು. ಆ ವಿರೋಧದಲ್ಲಿ ಇಡೀ ಮೊಕದ್ದಮೆಯ ತಿರುಳಿದ್ದಿತು. ಲೇಖನಗಳು ಮರಾಠಿಯಲ್ಲಿವೆ, ಅವುಗಳ ಧ್ವನಿ ಎಂತಹುದು, ಓದುಗನ ಮನಸ್ಸಿನಲ್ಲಿ ಅವು ಏನನ್ನು ಎಬ್ಬಿಸುತ್ತವೆ ಎಂಬುದೇ ವಿವಾದ. ಸ್ಪೆಷಲ್ ಜ್ಯೂರಿಯಲ್ಲಿ ಯುರೋಪಿಯನರೇ ಹೆಚ್ಚಾಗುತ್ತಾರೆ. ಮರಾಠಿಯ ಒಂದಕ್ಷರ ಬಾರದವರು ಅದನ್ನು ಹೇಗೆ ತೂಗಬಲ್ಲರು? ಮಾತೃಭಾಷೆಯ ಮಾತೊಂದು ಪರಭಾಷೆಗೆ ಹೋದಾಗ ಏನಾಗುತ್ತದೆಂಬುದು ಕನ್ನಡಿಗರಿಗೆ ಹೇಳಿ ತಿಳಿಸಬೇಕಾದ ವಿಷಯವಲ್ಲ. ಆದರೆ ಪ್ರಾರ್ಥನೆ ಮನ್ನಣೆ ಪಡೆಯಲಿಲ್ಲ. ಏಳು ಯುರೋಪಿಯನರೂ ಇಬ್ಬರು ಪಾರಸಿಗಳೂ ಕುಳಿತರು.

ಆಗ ತಿಲಕರು ಹಿಡಿದ ತಂತ್ರ ಗಮನಾರ್ಹವಾದುದು. ವಕೀಲರನ್ನು ಹಿಂದಕ್ಕಿರಿಸಿ ತಾವೇ ವಾದಿಸಿದರು. ಇಪ್ಪತ್ತೊಂದು ಗಂಟೆಗಳ ಕಾಲ, ದಿನದ ಮೇಲೆ ದಿನ, ಭಾಷಾಂತರದ ಒಂದೊಂದು ಪದವನ್ನೂ ಹಿಡಿದು ಜಗ್ಗಿದರು. ಎದುರಿಗಿದ್ದ ಒಂಬತ್ತು ಮಂದಿಯನ್ನು ಒಲಿಸಿಕೊಳ್ಳುವ ಭರವಸೆ ಅವರಿಗೆ ಎಷ್ಟಿದ್ದಿತೋ ಹೇಳಲಾಗದು. ಕೋರ್ಟಿನ ಹೊರಗೆ ವರದಿಗಳನ್ನು ಓದುತ್ತಿದ್ದ ಲಕ್ಷಾಂತರ ಮಂದಿಯ ಜ್ಯೂರಿಯೊಂದು ಅವರ ಕಣ್ಣ ಮುಂದೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಜುಲೈ 22ರ ರಾತ್ರಿ ತೀರ್ಪು ಬಂದಿತು: ಏಳಕ್ಕೆ ಎರಡು. ಆರು ವರ್ಷ ಗಡೀಪಾರು. ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಕೆಲಸ ನಿಲ್ಲಿಸಿ ತಮ್ಮ ತೀರ್ಪನ್ನು ಬೀದಿಯಲ್ಲಿ ಸಾರಿದರು.

ಇದೇ ತಿಲಕರು 1916ರಲ್ಲಿ ಬೆಳಗಾವಿಯಲ್ಲಿಯೂ ಅಹಮದ್‌ನಗರದಲ್ಲಿಯೂ ಮಾಡಿದ ಹೋಂರೂಲ್ ಭಾಷಣಗಳಿಗಾಗಿ ಸರಕಾರವು ಮತ್ತೆ ಅವರ ಬೆನ್ನು ಹತ್ತಿತು. ಈ ಬಾರಿ ಅದು ಜ್ಯೂರಿಯ ಗೊಡವೆಗೇ ಹೋಗಲಿಲ್ಲ. ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಕಲಮಿನಂತೆ ಪುಣೆಯ ಮ್ಯಾಜಿಸ್ಟ್ರೇಟನ ಮುಂದೆ ಪ್ರಕರಣವನ್ನಿಟ್ಟು ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆಗೆ ಆಜ್ಞೆ ಪಡೆಯಿತು. ಜಿನ್ನಾ ಹೈಕೋರ್ಟಿಗೆ ಹೋದರು; ಇಬ್ಬರು ನ್ಯಾಯಮೂರ್ತಿಗಳು ಆ ಆಜ್ಞೆಯನ್ನು ತಳ್ಳಿಹಾಕಿದರು. ಜ್ಯೂರಿಯಿದ್ದಲ್ಲಿ ಎರಡು ಸಲ ಸೋತ ತಿಲಕರು ಜ್ಯೂರಿಯಿಲ್ಲದ ಕಡೆ ಗೆದ್ದರು. ಜ್ಯೂರಿಯೆಂದರೆ ಪ್ರಜೆಯ ಕವಚವೆಂದು ಪುಸ್ತಕದಲ್ಲಿ ಓದಿದವರು ಈ ಸಂಗತಿಯ ಮುಂದೆ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ಸ್ವತಂತ್ರ ಭಾರತದಲ್ಲಿ ಜ್ಯೂರಿ ಬಹಳ ಕಾಲ ಬಾಳಲಿಲ್ಲ. 1959ರಲ್ಲಿ ಕಮ್ಯಾಂಡರ್ ನಾನಾವತಿಯನ್ನು ಎಂಟಕ್ಕೆ ಒಂದರ ಮತದಿಂದ ಜ್ಯೂರಿ ನಿರ್ದೋಷಿಯೆಂದದ್ದೂ, ಮೇಲಿನ ನ್ಯಾಯಾಲಯಗಳು ಅದನ್ನು ತಿರುಗಿಸಿದ್ದೂ ಮನೆಮಾತಾದ ಕಥೆ. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ಪೀಠದ ಮೇಲಿನ ಜಗ್ಗಾಟ ಮಾತ್ರ ನಿಲ್ಲಲಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರ ಆಸ್ತಿ ಪ್ರಕರಣವು ಬೆಂಗಳೂರಿಗೆ ಬಂದದ್ದೇ ಅದರಿಂದ. ಆಪಾದಿತರೇ ಆಳುವ ರಾಜ್ಯದಲ್ಲಿ ನ್ಯಾಯವಾದ ವಿಚಾರಣೆ ನಡೆಯಲಾರದೆಂದು ಸುಪ್ರೀಂ ಕೋರ್ಟು 2003ರ ನವೆಂಬರಿನಲ್ಲಿ ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಅಲ್ಲಿಂದ ಮುಂದೆ ಸರಕಾರಿ ಅಭಿಯೋಜಕರು ಯಾರಾಗಬೇಕು, ನಿವೃತ್ತಿ ಹೊಂದಲಿರುವ ನ್ಯಾಯಾಧೀಶರೇ ಮುಂದುವರಿಯಬೇಕೇ ಎಂಬ ಪ್ರಶ್ನೆಗಳೇ ಮತ್ತೆ ಮತ್ತೆ ದೆಹಲಿಯವರೆಗೆ ಹೋದವು. 2014ರಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ನಾಲ್ಕು ವರ್ಷ ಸೆರೆ ವಿಧಿಸಿದರು. 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಮೊದಲಿನ ತೀರ್ಪನ್ನೇ ಎತ್ತಿಹಿಡಿಯುವ ಹೊತ್ತಿಗೆ ಮುಖ್ಯ ಆಪಾದಿತರು ತೀರಿಕೊಂಡಿದ್ದರು. ಕಾಗದಪತ್ರಗಳು ಅವೇ. ಪೀಠ ಬದಲಾದಂತೆ ಫಲ ಬದಲಾಯಿತು.

ಇಷ್ಟೆಲ್ಲವನ್ನೂ ನೋಡಿದ ಮೇಲೆ ಸಿಕಂದರಾಬಾದಿನ ಆ ಕಾವಲುಮನೆಗೆ ಹಿಂದಿರುಗಿದರೆ ವೆಂಕಟಪ್ಪ ನಾಯಕನ ಒಂಟಿತನ ಅರ್ಥವಾದೀತು. ‘ಈತ ಬೇಡ’ ಎನ್ನಲು ಅವನಿಗೆ ಹಕ್ಕಿರಲಿಲ್ಲ. ಲಂಡನ್ನಿನ ಬ್ಯಾರಿಸ್ಟರನಿರಲಿಲ್ಲ, ಅವನ ಮಾತನ್ನು ಮರುದಿನ ಮನೆಮನೆಗೆ ಮುಟ್ಟಿಸುವ ‘ಕೇಸರಿ’ಯಿರಲಿಲ್ಲ. ಒಂದೇ ಒಂದು ವಸ್ತು ಅವನ ಕೈಯಲ್ಲಿದ್ದಿತು. ಅದು ಸರಕಾರಕ್ಕೆ ಬೇಕಾಗಿದ್ದಿತು. ದಂಗೆಗೆ ಅವನನ್ನು ಹುರಿದುಂಬಿಸಿದವರ ಹೆಸರುಗಳು. ಅದನ್ನು ಹೊರಡಿಸಲು ರೆಸಿಡೆಂಟನಿಗೆ ಹೊಳೆದ ಮನುಷ್ಯನೆಂದರೆ ಟೇಲರ್. ಬೀರಾರಿನಲ್ಲಿದ್ದ ಅವನನ್ನು ಸುರಪುರದ ಆಡಳಿತಕ್ಕೆ ನೇಮಿಸಲಾಗಿದ್ದಿತು. ಹೋಗುವ ದಾರಿಯಲ್ಲಿ ಅವನು ಸೆರೆಯಾಳನ್ನು ಕಂಡನು.

ಆ ಭೇಟಿಯ ವೃತ್ತಾಂತವನ್ನು ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಅವನು ಸತ್ತ ಮರುವರ್ಷ, 1877ರಲ್ಲಿ, ಅದು ಅಚ್ಚಾಯಿತು. ದೊರೆಯ ಬಾಯಿಂದ ಬಂದ ಹೇಳಿಕೆಗೆ ಬಹುಮಟ್ಟಿಗೆ ಇದೊಂದೇ ಆಧಾರ, ಅದೂ ಎದುರುಪಕ್ಷದವನು ಬರೆದದ್ದು ಎಂಬುದನ್ನು ಮರೆಯಬಾರದು. ತಾನು ಬೆಳೆಸಿದ ಹುಡುಗ ತನ್ನವರ ಮೇಲೆಯೇ ತಿರುಗಿಬಿದ್ದದ್ದಕ್ಕೆ ಕಾರಣ ಹುಡುಕುವ ಆತುರ ಟೇಲರನಿಗೆ ಇದ್ದೇ ಇದ್ದಿತು. ದುಷ್ಟ ಸಲಹೆಗಾರರೇ ಹುಡುಗನನ್ನು ಕೆಡಿಸಿದರೆಂಬ ಅವನ ನಂಬಿಕೆಯನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಆದರೂ ತನ್ನ ಪಕ್ಷಕ್ಕೆ ಅನುಕೂಲವಲ್ಲದ ಸಂಗತಿಯನ್ನು ಅವನು ಮುಚ್ಚಿಡಲಿಲ್ಲ. ಅದರಿಂದಲೇ ಅವನ ಬರಹಕ್ಕೆ ಬೆಲೆ.

ಟೇಲರನನ್ನು ಕಂಡೊಡನೆ ದೊರೆಯು ಹಳೆಯ ಹುಡುಗನಂತೆ ಅವನ ಮೊಣಕಾಲುಗಳನ್ನು ತಬ್ಬಿ ಅತ್ತನು. ಸ್ವಲ್ಪ ಹೊತ್ತಿನ ಮೇಲೆ ಸಮಾಧಾನಗೊಂಡು ಮಾತಾಡಿದನು. ಪ್ರೇರಕರ ಹೆಸರನ್ನು ಕೇಳಿದಾಗ ಮಾತ್ರ ಬಾಯಿ ಬಿಡಲಿಲ್ಲ. ಸಾವಿನ ಬಾಗಿಲಲ್ಲಿ ನಿಂತು ಇತರರನ್ನು ಹಿಡಿದುಕೊಡುವುದು ಅವನಿಗೆ ಹೇಡಿತನವಾಗಿ ಕಂಡಿತು. ಇಂದಿನ ಕೋರ್ಟುಗಳ ಮಾತಿನಲ್ಲಿ ಹೇಳುವುದಾದರೆ, ಅವನು ಮಾಫಿಸಾಕ್ಷಿಯಾಗಲು ಒಪ್ಪಲಿಲ್ಲ. ಅವನು ಬೇಡಿಕೊಂಡದ್ದು ಬೇರೊಂದು. ತನ್ನನ್ನು ಕಳ್ಳನಂತೆ ನೇಣುಹಾಕಬಾರದು. ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಿ, ತಾನು ನಡುಗುವುದಿಲ್ಲ. ತೀರ್ಪು ಏನಾಗುವುದೆಂದು ಅವನಿಗೆ ಗೊತ್ತಿದ್ದಿತು. ಸಾಯುವ ವಿಧಾನವೊಂದರಲ್ಲಿ ಮಾತ್ರ ಅವನು ಆಯ್ಕೆ ಕೇಳಿದನು.

ಈ ಮೌನವನ್ನು ಮುಗ್ಧತೆಯೆಂದು ಕರೆಯುವವರುಂಟು. ಹಾಗೆನ್ನುವುದು ಅವನಿಗೆ ಅನ್ಯಾಯ. ಹೆಸರು ಹೇಳಿದ್ದರೆ ಪ್ರಾಣ ಉಳಿಯುವ ಸಂಭವವಿದೆಯೆಂಬುದನ್ನು ಅವನಂಥವನು ಅರಿಯದೆ ಇರಲಾರನು. ಪೀಠವು ತನ್ನದಲ್ಲವೆಂದು ಕಂಡಾಗ ತಿಲಕರು ಪೀಠದಾಚೆಗಿನವರೊಡನೆ ಮಾತನಾಡಿದರು. ವೆಂಕಟಪ್ಪ ನಾಯಕನು ಸುಮ್ಮನಿದ್ದನು, ಅಷ್ಟೆ. ಭೀಮೆಯಿಂದ ಕೃಷ್ಣೆಯವರೆಗಿನ ಊರುಗಳಲ್ಲಿ ಆ ಮೌನದಿಂದ ಉಳಿದ ಕುತ್ತಿಗೆಗಳು ಎಷ್ಟಿದ್ದಿರಬಹುದು ಎಂದು ಎಣಿಸಿದವರಿಲ್ಲ.

ನ್ಯಾಯಮಂಡಲಿಯು ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಆಜೀವ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲ್ ಕ್ಯಾನಿಂಗನು ಅದನ್ನೂ ತಗ್ಗಿಸಿ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯೆಂದನು. ನಡತೆ ತಿದ್ದಿಕೊಂಡರೆ ಸಂಸ್ಥಾನವೂ ಹಿಂದಿರುಗಬಹುದೆಂಬ ಆಸೆಯೂ ಅದರೊಡನೆ ಸೇರಿದ್ದಿತೆಂದು ಟೇಲರನು ಬರೆಯುತ್ತಾನೆ. ಹೊರಗಿನಿಂದ ನೋಡಿದವರಿಗೆ ಇದು ದೊಡ್ಡ ದಯೆ. ಆದರೆ ಸೆರೆಮನೆಯ ಬಾಳನ್ನು ತನ್ನ ಬೇಡರಲ್ಲಿ ಅತಿ ಸಾಮಾನ್ಯನೂ ಸಹಿಸಲಾರನು, ದೊರೆಯಾದ ತಾನು ಸಹಿಸುವುದೆಂತು ಎಂಬುದು ಅವನ ಎಣಿಕೆಯಾಗಿದ್ದಿತು. ಅವನಿಗೆ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವ ಯೋಗವಿಲ್ಲವೆಂದು ಜಾತಕದಲ್ಲಿ ಬರೆದಿದ್ದಿತಂತೆ. ಈ ಗುಟ್ಟನ್ನು ತನಗೆ ತಿಳಿಸಿದ್ದ ಬ್ರಾಹ್ಮಣನಿಗೆ ಶಿಕ್ಷೆ ಇಳಿದ ಸುದ್ದಿಯನ್ನು ಟೇಲರನು ಗೆಲುವಿನಿಂದ ಹೇಳಿದರೂ ಆತನು ನಂಬಲಿಲ್ಲವಂತೆ. ಜಾತಕದ ಮಾತು ಹೇಗಾದರೂ ಇರಲಿ. ಸಿಕಂದರಾಬಾದನ್ನು ಬಿಟ್ಟ ಮೊದಲ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿ ಗುಡಾರದಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಒಳಗೆ ಗುಂಡಿನ ಸದ್ದಾಯಿತು. ಅಧಿಕಾರಿಯ ಪಿಸ್ತೂಲಿನಿಂದ ದೊರೆಯ ಪ್ರಾಣ ಹೋಗಿದ್ದಿತು.

ಟೇಲರನು ಸುರಪುರದಲ್ಲಿ ತನ್ನ ಹಳೆಯ ಬಂಗಲೆಯಲ್ಲಿದ್ದುಕೊಂಡು, ಈಗ ಕಮಿಷನರನಾಗಿ, ದೊರೆಯಿಲ್ಲದ ಸಂಸ್ಥಾನದ ಲೆಕ್ಕ ಬರೆದನು. 1860ರಲ್ಲಿ ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹೊರಟನು. ಅದೇ ವರ್ಷದ ಒಪ್ಪಂದದಂತೆ ದಂಗೆಯ ಕಾಲದಲ್ಲಿ ಕುಂಪಣಿಯ ಪಕ್ಷದಲ್ಲಿ ನಿಂತದ್ದಕ್ಕೆ ಪ್ರತಿಫಲವಾಗಿ ಸುರಪುರವನ್ನು ಹೈದರಾಬಾದಿಗೆ ಸೇರಿಸಲಾಯಿತು. ಸಾಮಂತನನ್ನು ವಿಚಾರಿಸುವ ಅಧಿಕಾರವಿದ್ದ ಒಡೆಯನಿಗೆ ಪೀಠದಲ್ಲಿ ಸ್ಥಳವಿರಲಿಲ್ಲ. ಸಾಮಂತನ ನೆಲ ಮಾತ್ರ ಅವನಿಗೆ ಬಂದಿತು.